ಕೇಳಿಸುವುದೂ ತಿಳಿಯುವುದೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ವಿಜಯಪುರಕ್ಕೆ ಬಂದ ಮಕ್ಕಳು ಗೋಳಗುಮ್ಮಟವನ್ನೇರಿ ಕೂಗದೆ ಇಳಿಯುವುದಿಲ್ಲ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟದಲ್ಲಿ ಈಚೆಯ ಗೋಡೆಗೆ ಪಿಸುಗುಟ್ಟಿದ ಮಾತು ಆಚೆಯ ಗೋಡೆಗೆ ಕಿವಿಗೊಟ್ಟವನನ್ನು ಮುಟ್ಟುತ್ತದೆ. ಆದರೆ ಹತ್ತು ಮಂದಿ ಕೂಡಿ ಮಾತಾಡಿದರೆ ನಾದವಷ್ಟೇ ಉಳಿದು ನುಡಿ ಕರಗಿಹೋಗುತ್ತದೆ. ಕೇಳಿಸುವುದು ಬೇರೆ, ತಿಳಿಯುವುದು ಬೇರೆ.

ಈ ಭೇದ ನನಗೆ ಮನದಟ್ಟಾದುದು ತರಗತಿಯಲ್ಲಿ. ಕಲ್ಲಿನ ನೆಲ, ನುಣುಪು ಗೋಡೆ, ಸಿಮೆಂಟಿನ ಛಾವಣಿಯ ಹೊಸ ಕೋಣೆಯೊಂದರಲ್ಲಿ ಪದಗಳ ಪಟ್ಟಿಯನ್ನು ಬರೆಯಿಸಿದೆ. ಹಿಂದಿನ ಸಾಲಿನ ಹುಡುಗಿಯ ಹಾಳೆಯಲ್ಲಿ 'ಬೆಲೆ' 'ಬೆಳೆ'ಯಾಗಿತ್ತು, 'ಕತ್ತೆ' 'ಕತೆ'ಯಾಗಿತ್ತು. ಲಕ್ಷ್ಯವಿಲ್ಲವೆಂದು ಗದರಿದೆ. ಮರುದಿನ ಬೇವಿನ ಮರದಡಿ ಬೇರೊಂದು ಪಟ್ಟಿಯನ್ನು ಓದಿದಾಗ ಅವಳದೊಂದೂ ತಪ್ಪಿರಲಿಲ್ಲ.

ತಪ್ಪು ಕೋಣೆಯದು. ಸ್ವರದ ಧ್ವನಿ ಬಲವುಳ್ಳದ್ದು, ವ್ಯಂಜನದ್ದು ಕ್ಷೀಣ. ಹಿಂದಿನ ಸ್ವರದ ಅನುರಣನ ಮುಂದಿನ ವ್ಯಂಜನವನ್ನು ಮುಚ್ಚುತ್ತದೆ. ಒತ್ತಕ್ಷರದಲ್ಲಿ ನಾಲಗೆ ತಡೆದು ನಿಲ್ಲುವ ಕ್ಷಣಮಾತ್ರದ ಮೌನವೂ ತುಂಬಿಹೋಗುತ್ತದೆ. ಧ್ವನಿವರ್ಧಕವನ್ನು ಬರಿದೇ ಏರಿಸಿದರೆ ಅನುರಣನವೂ ಏರುತ್ತದೆ.

ಇದನ್ನು ಮೊದಲೇ ಲೆಕ್ಕಹಾಕಲು ಸಾಧ್ಯವೆ? 1895ರಲ್ಲಿ ಹಾರ್ವರ್ಡಿನ ಹೊಸ ಉಪನ್ಯಾಸಮಂದಿರವೊಂದರಲ್ಲಿ ಮಾತು ತಿಳಿಯದಾದಾಗ ವಾಲೆಸ್ ಸಬೈನ್ ಎಂಬ ಅಧ್ಯಾಪಕರು ನೆರೆಯ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಸದ್ದು ಅಡಗುವ ಕಾಲವನ್ನು ಅಳೆದರು. ಅವರಿಂದ ದೊರೆತ ಸೂತ್ರ ಸರಳ: ಕೋಣೆಯ ಘನಮೀಟರುಗಳನ್ನು 0.16ರಿಂದ ಗುಣಿಸಿ, ಧ್ವನಿಯನ್ನು ಹೀರುವ ಮೇಲ್ಮೈಯ ಚದರಮೀಟರುಗಳಿಂದ ಭಾಗಿಸಬೇಕು. 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಕೋಣೆ ಹೀರುವುದು 20 ಚದರಮೀಟರಿನಷ್ಟಾದರೆ ಅನುರಣನ ಎರಡೂವರೆ ಸೆಕೆಂಡು ನಿಲ್ಲುತ್ತದೆ. ಹೀರಿಕೆ ಇಮ್ಮಡಿಯಾದರೆ ಅದರ ಅರ್ಧ. ಚಿಕ್ಕ ತರಗತಿಗೆ ಅಮೆರಿಕದ ಮಾನಕ ಒಪ್ಪುವುದು 0.6 ಸೆಕೆಂಡು ಮಾತ್ರ.

1970ರ ದಶಕದಲ್ಲಿ ನೆದರ್ಲೆಂಡ್ಸಿನ ಹೌಟ್‌ಗಾಸ್ಟ್ ಮತ್ತು ಸ್ಟೇನೆಕೆನ್ ಇನ್ನೂ ಮುಂದೆ ಹೋದರು. ಮಾತಿನ ಏರಿಳಿತ ಕೇಳುವವನ ಪೀಠವನ್ನು ತಲುಪುವಾಗ ಎಷ್ಟು ಉಳಿದಿದೆಯೆಂಬುದನ್ನು ಅವರು 0ಯಿಂದ 1ರ ವರೆಗಿನ ಒಂದೇ ಅಂಕೆಯಲ್ಲಿ ಹೇಳಿದರು. 0.75ನ್ನು ಮೀರಿದರೆ ಉತ್ತಮ, 0.3ಕ್ಕೆ ಇಳಿದರೆ ಅನರ್ಥ. ಕಟ್ಟಡದ ನಕ್ಷೆಯಿಂದಲೇ ಈ ಅಂಕೆಯನ್ನು ಊಹಿಸಬಹುದು.

ನಮ್ಮಲ್ಲಿ ಸಭಾಭವನ ಕಟ್ಟುವವರು ಎಷ್ಟು ಜನ ಕೂರಬಹುದೆಂದು ಕೇಳುತ್ತಾರೆ. ಎಷ್ಟು ಜನಕ್ಕೆ ತಿಳಿದೀತೆಂದು ಕೇಳುವುದಿಲ್ಲ. ನುಡಿಯನ್ನೇ ಅರಿವಿನ ದಾರಿಯಾಗಿಸಿದ ಬಸವಣ್ಣನವರು ಹುಟ್ಟಿದ ಸೀಮೆಗೆ ಈ ಮರೆವು ಒಪ್ಪದು.

ನಾವು ಹಿಂದಿನ ಗೋಡೆಗೆ ನಾಲ್ಕು ದಪ್ಪ ಕೌದಿಗಳನ್ನು ತೂಗುಹಾಕಿದೆವು. ಕೋಣೆ ತಕ್ಕಮಟ್ಟಿಗೆ ಸುಧಾರಿಸಿತು. ಆ ಹುಡುಗಿಯಲ್ಲಿ ನಾನು ತಪ್ಪೊಪ್ಪಿಕೊಂಡೆ; ಅವಳೀಗ ಮುಂದಿನ ಸಾಲಿಗೆ ಬರಬೇಕಾಗಿಲ್ಲ.