ನುಡಿ ನಿಂತವರ ಎದುರಿನಲ್ಲಿ

ಪಾರ್ಶ್ವವಾಯು ತಗುಲಿದ ಹಿರಿಯರೊಬ್ಬರನ್ನು ಕಾಣಲು ಹೋಗಿದ್ದೆ. ಬಲಗೈ ಬಿದ್ದಿತ್ತು. ಬಾಯಾರಿದರೂ ‘ನೀರು’ ಎನ್ನಲಾರರು. ಅವರೆದುರಿಗೇ ಮಕ್ಕಳು ಹೊಲದ ಪಾಲಿನ ಮಾತಾಡುತ್ತಿದ್ದರು. “ಅಪ್ಪನಿಗೆ ಈಗ ಏನೂ ತಿಳಿಯೋದಿಲ್ಲ, ಶಾಸ್ತ್ರಿಗಳೆ” ಎಂದನು ಹಿರಿಯ ಮಗ. ಅಪ್ಪನ ಕಣ್ಣು ತುಂಬಿತ್ತು.

ಬಂಧುಗಳೆ, ಬಹುತೇಕರಲ್ಲಿ ಭಾಷೆಯ ನೆಲೆ ಮಿದುಳಿನ ಎಡಭಾಗ. ಅಲ್ಲಿ ರಕ್ತಸಂಚಾರ ಕಡಿದರೆ ಬಲಗೈಯೊಡನೆ ಮಾತೂ ಹೋಗುವುದುಂಟು. ಇದಕ್ಕೆ ಅಫೇಸಿಯಾ ಎಂದು ಹೆಸರು. ‘ತಾನ್’ ಎಂಬ ಒಂದೇ ಉಲಿ ಉಳಿದಿದ್ದ ರೋಗಿಯ ಮಿದುಳನ್ನು ಆತನ ಮರಣಾನಂತರ ಪರೀಕ್ಷಿಸಿ, ಪ್ಯಾರಿಸ್ಸಿನ ವೈದ್ಯ ಬ್ರೋಕಾ 1861ರಲ್ಲಿ ಈ ನೆಲೆಯನ್ನು ತೋರಿಸಿಕೊಟ್ಟರು. ಕೆಲವರಿಗೆ ಪರರ ನುಡಿಯನ್ನು ಗ್ರಹಿಸುವುದೂ ಕಷ್ಟವಾಗುತ್ತದೆ, ನಿಜ. ಆದರೆ ನುಡಿ ಕೆಟ್ಟಿತೆಂದು ಅರಿವೇ ಅಳಿಯಿತೆಂದು ಬಗೆಯುವುದು ಅನ್ಯಾಯ.

ಪೂಜೆಯ ವೇಳೆಗೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿದೆವು. ಹಿರಿಯರು ಷಡಕ್ಷರಿ ಮಂತ್ರವನ್ನು ತಡೆಯಿಲ್ಲದೆ ನುಡಿದರು! ಮನೆಯವರು ಪವಾಡವೆಂದರು, ನಾನು ಹಾಗೆನ್ನಲಾರೆ. ಎಣಿಕೆ, ವಾರಗಳ ಹೆಸರು, ಹಾಡು, ನಿತ್ಯದ ಮಂತ್ರ ಇವು ಬಾಯಿಪಾಠವಾದ ನುಡಿಗಳು. ಹೊಸ ವಾಕ್ಯದಂತೆ ಪದ ಹುಡುಕಿ ಜೋಡಿಸಬೇಕಾದವಲ್ಲ. ವಾಕ್ ಚಿಕಿತ್ಸಕರು ಉಳಿದ ಈ ನುಡಿಯಿಂದಲೇ ಪಾಠ ಆರಂಭಿಸುವುದುಂಟು.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆಯುಂಟು. ಮೊದಲ ತಿಂಗಳುಗಳಲ್ಲಿ ಚೇತರಿಕೆ ಹೆಚ್ಚು; ವರ್ಷ ಕಳೆದವರಿಗೂ ಫಲವುಂಟು. ಮನೆಯಲ್ಲಿ ಒಮ್ಮೆಗೆ ಒಂದೇ ಪ್ರಶ್ನೆ, ತಲೆಯಾಡಿಸಿ ಉತ್ತರಿಸುವಂತಹುದನ್ನು, ನಿಧಾನವಾಗಿ ಕೇಳಬೇಕು; ಉತ್ತರಕ್ಕೆ ಕಾಯಬೇಕು.

ಹೊಲ ಪಾಲಾಗಲೇ ಎಂದು ನಾನು ಹಾಗೆಯೇ ಕೇಳಿದೆ. ಹಿರಿಯರು ಮಗನ ಮುಖ ನೋಡಿ, ಬೇಡವೆಂದು ಎರಡು ಬಾರಿ ತಲೆಯಾಡಿಸಿದರು.