ಮಳೆಗಾಲದ ಕೋಳಿಗೂಡು: ಮರಿಗಳನ್ನು ಉಳಿಸುವುದು ಒಣನೆಲ

ಕೇರಳದಲ್ಲಿ ಶಾಲೆಗಳು ಪುನರಾರಂಭಗೊಳ್ಳುವುದೂ ಮುಂಗಾರು ಕರಾವಳಿಗೆ ಕಾಲಿರಿಸುವುದೂ ವಾಡಿಕೆಯಂತೆ ಜೂನ್ 1ರ ಆಸುಪಾಸಿನಲ್ಲಿಯೇ. ಚೀಲ, ಕೊಡೆ, ಪಠ್ಯಪುಸ್ತಕಗಳ ಗಡಿಬಿಡಿಯ ನಡುವೆ ಕೆಲವು ಮನೆಗಳಿಗೆ ಇನ್ನೊಂದು ಹೊಣೆಯೂ ಬಂದು ಸೇರುತ್ತದೆ. ಶಾಲಾ ಮಕ್ಕಳಿಗೆ ಕೋಳಿಮರಿಗಳನ್ನು ವಿತರಿಸುವ ಯೋಜನೆಗಳು ಈ ರಾಜ್ಯಕ್ಕೆ ಹೊಸತಲ್ಲ. ಪಂಚಾಯತುಗಳ ಮೂಲಕವೂ ಮರಿಗಳು ಮನೆಗೆ ಬರುವುದುಂಟು. ಮೊಟ್ಟೆಯ ಆಸೆಯಿಂದ ಸಾಕತೊಡಗಿದ ಈ ಮರಿಗಳಲ್ಲಿ ಎಷ್ಟು ಆಟಿ ತಿಂಗಳನ್ನು ದಾಟುತ್ತವೆ ಎಂಬುದು ಬಹುಮಟ್ಟಿಗೆ ಅವು ರಾತ್ರಿ ಮಲಗುವ ನೆಲವನ್ನು ಅವಲಂಬಿಸಿದೆ.

ನಮ್ಮ ಮನೆಗೂ ಒಂದು ವರ್ಷ ಮಗಳ ಶಾಲೆಯಿಂದ ಐದು ಮರಿಗಳು ಬಂದಿದ್ದವು. ಜಗಲಿಯ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿ, ಎದುರಿಗೆ ಹಲಗೆ ಅಡ್ಡ ಇಟ್ಟು ಗೂಡು ಮಾಡಿದೆವು. ಮೂರನೆಯ ವಾರದಲ್ಲಿ ಎರಡು, ಮರುದಿನ ಇನ್ನೊಂದು ಸತ್ತವು. ಮಳೆಗೆ ನೆನೆದು ಶೀತವಾಗಿ ಸತ್ತವೆಂದು ಅಜ್ಜಿ ಹೇಳಿದರು, ನಾವೂ ಒಪ್ಪಿದೆವು. ಹಿಕ್ಕೆಯಲ್ಲಿ ಕೆಂಪು ಕಂಡಿತ್ತೆಂದು ಮಗಳು ಎರಡು ದಿನ ಮೊದಲೇ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮರಿಗಳೊಂದಿಗೆ ಕೊಟ್ಟ ಸೂಚನಾಪತ್ರವು ಮಲಯಾಳದಲ್ಲಿದ್ದುದರಿಂದ ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರಿತ್ತು. ಅನಂತರ ನೆರೆಯವರೊಬ್ಬರಿಂದ ಓದಿಸಿದಾಗ ‘ರಕ್ತಾತಿಸಾರಂ’ ಎಂಬ ಪದ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಪದ ನಮಗೂ ತಿಳಿಯುವಂಥದೇ. ಲಿಪಿ ಮಾತ್ರ ತಿಳಿಯದು.

ಈ ರೋಗದ ಹೆಸರು ಕಾಕ್ಸಿಡಿಯೋಸಿಸ್. ಕಣ್ಣಿಗೆ ಕಾಣದ ಒಂದು ಪರೋಪಜೀವಿ ಇದರ ಮೂಲ. ಸೋಂಕಿರುವ ಕೋಳಿಯ ಹಿಕ್ಕೆಯೊಂದಿಗೆ ಅದರ ಸೂಕ್ಷ್ಮ ಅಂಡಕಗಳು ಹೊರಬೀಳುತ್ತವೆ. ಹೊರಬಿದ್ದ ಕೂಡಲೇ ಅವು ಅಪಾಯಕಾರಿಯಲ್ಲ. ತೇವ, ಗಾಳಿ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಈ ಮೂರೂ ದೊರೆತರೆ ಒಂದೆರಡು ದಿನಗಳಲ್ಲಿ ಪಕ್ವಗೊಂಡು ಸೋಂಕು ತಗಲಿಸಬಲ್ಲವಾಗುತ್ತವೆ. ನಮ್ಮ ಜೂನ್, ಜುಲೈ ತಿಂಗಳುಗಳು ಈ ಮೂರನ್ನೂ ಧಾರಾಳವಾಗಿ ಒದಗಿಸುತ್ತವೆ. ಮರಿ ನೆಲವನ್ನು ಕುಕ್ಕುವಾಗ ಅವು ಹೊಟ್ಟೆ ಸೇರಿ, ಕರುಳಿನ ಒಳಪದರದಲ್ಲಿ ವೃದ್ಧಿಸಿ, ಐದಾರು ದಿನಗಳಲ್ಲಿ ಅದನ್ನು ಹರಿದು ರಕ್ತಸ್ರಾವ ಉಂಟುಮಾಡುತ್ತವೆ. ಮೂರರಿಂದ ಎಂಟು ವಾರದ ಮರಿಗಳೇ ಹೆಚ್ಚಾಗಿ ಬಲಿಯಾಗುತ್ತವೆ. ದೊಡ್ಡ ಕೋಳಿಗಳು ಅಲ್ಪಸ್ವಲ್ಪ ಸೋಂಕನ್ನು ಉಂಡು ರೋಗನಿರೋಧ ಗಳಿಸಿರುತ್ತವೆ, ಆದರೆ ಅಂಡಕಗಳನ್ನು ಹರಡುತ್ತಲೇ ಇರುತ್ತವೆ. ಆದುದರಿಂದ ಹೊಸ ಮರಿಗಳನ್ನು ಹಳೆಯ ಹೇಂಟೆಗಳ ಗೂಡಿಗೆ ಸೇರಿಸುವುದು ಸಲ್ಲದು. ಈ ಪರೋಪಜೀವಿ ಮನುಷ್ಯರಿಗೆ ಅಂಟುವುದಿಲ್ಲ. ಆ ಭಯ ಬೇಡ.

ಸಾಮಾನ್ಯ ಫಿನಾಯಿಲು ಈ ಅಂಡಕಗಳನ್ನು ಕೊಲ್ಲುವುದಿಲ್ಲ. ಕುದಿಯುವ ನೀರು, ಬೆಂಕಿಯ ಬಿಸಿ, ಚೆನ್ನಾಗಿ ಒಣಗಿಸುವುದು ಇವೇ ಅವುಗಳಿಗೆ ಮದ್ದು. ರೋಗ ಕಾಣಿಸಿಕೊಂಡಾಗ ಪಶುವೈದ್ಯರು ಸಾಮಾನ್ಯವಾಗಿ ಆಂಪ್ರೋಲಿಯಂ ಎಂಬ ಹುಡಿಯನ್ನು ಕುಡಿಯುವ ನೀರಿನಲ್ಲಿ ಕೊಡಲು ಹೇಳುತ್ತಾರೆ. ಪ್ರಮಾಣವನ್ನು ಅವರಿಂದಲೇ ಕೇಳಿ ತಿಳಿಯಬೇಕು. ಆ ದಿನಗಳಲ್ಲಿ ಬಿ1 ಜೀವಸತ್ವವಿರುವ ಟಾನಿಕ್ ಕೊಡಬಾರದು. ಆಂಪ್ರೋಲಿಯಂ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ದೊರೆಯದಂತೆ ತಡೆದು. ಮರಿ ಬಳಲಿದೆಯೆಂದು ಮರುಗಿ ಟಾನಿಕ್ ಹನಿಸಿದರೆ ಮದ್ದಿನ ಬಲವನ್ನು ನಾವೇ ಕುಗ್ಗಿಸಿದಂತಾಗುತ್ತದೆ.

ಇನ್ನು ಗೂಡಿನ ವಿಚಾರ. ಮಾಡು ಸೋರದಿದ್ದರೆ ಗೂಡು ಒಣಗಿರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಕೋಳಿಗಳೇ ನೀರನ್ನು ಒಳಗೆ ತರುತ್ತವೆ. ಬೆಳೆದ ಹೇಂಟೆಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಐದು ಹೇಂಟೆಗಳೆಂದರೆ ದಿನಕ್ಕೆ ಸುಮಾರು ಒಂದೂವರೆ ಕುಡ್ತೆ ನೀರನ್ನು ನೆಲಕ್ಕೆ ಚೆಲ್ಲಿದ ಹಾಗೆ. ಉಸಿರಿನ ತೇವ ಬೇರೆ. ಮಳೆಗೆ ಹೆದರಿ ಗೂಡಿನ ನಾಲ್ಕೂ ಬದಿಗೆ ಟರ್ಪಾಲು ಸುತ್ತಿ ಬಿಗಿದರೆ ಆ ನೀರು ಹೊರಹೋಗುವ ದಾರಿಯೇ ಮುಚ್ಚುತ್ತದೆ. ಕರಾವಳಿಯಲ್ಲಿ ಗಾಳಿಮಳೆ ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಎರಡು ಬದಿಗಳನ್ನು ಹಲಗೆಯಿಂದಲೋ ಮಡಲಿನಿಂದಲೋ ಭದ್ರವಾಗಿ ಮುಚ್ಚಿ, ಪೂರ್ವದ ಬದಿಗೆ ಮಾತ್ರ ಬಲೆ ಹಾಕಿ ತೆರೆದಿಡುವುದು ಒಳ್ಳೆಯದು. ಮಾಡಿನ ಅಂಚು ಎರಡಡಿಯಷ್ಟು ಹೊರಚಾಚಿರಲಿ.

ನಮ್ಮ ಹಿರಿಯರು ಕಂಬದ ಮೇಲೆ ಗೂಡು ಕಟ್ಟುತ್ತಿದ್ದುದು ನರಿ, ಕೀರಿಗಳ ಭಯದಿಂದ ಮಾತ್ರವೇ ಆಗಿರಲಾರದು. ನೆಲದಿಂದ ಎರಡಡಿ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಬೆರಳು ತೂರುವಷ್ಟು ಅಂತರವಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಮರಿ ಅದನ್ನು ಕುಕ್ಕುವ ಪ್ರಮೇಯವೇ ಬರುವುದಿಲ್ಲ. ತೀರ ಎಳೆಯ ಮರಿಗಳ ಕಾಲು ಸಿಕ್ಕಿಕೊಳ್ಳುವುದರಿಂದ ಮೊದಲ ಕೆಲವು ವಾರ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಬೇಕು. ಕೆಳಗೆ ಬಿದ್ದುದನ್ನು ವಾರಕ್ಕೆ ಎರಡು ಬಾರಿ ತೆಗೆದು ತೆಂಗಿನ ಬುಡದಿಂದ ದೂರದಲ್ಲಿ ತರಗೆಲೆಯೊಂದಿಗೆ ರಾಶಿ ಹಾಕಿ ಕೊಳೆಯಬಿಟ್ಟರೆ ಉತ್ತಮ ಗೊಬ್ಬರ. ಹಸಿಯಾಗಿ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ರಾತ್ರಿ ಮಲಗಲು ಕೋಳಿಯೊಂದಕ್ಕೆ ಒಂದು ಚದರಡಿ ಸಾಕು ಎನ್ನುತ್ತಾರೆ. ಆದರೆ ಆಟಿಯಲ್ಲಿ ಅವು ಹಗಲೂ ಒಳಗೇ ಇರುವುದರಿಂದ ಎರಡು ಚದರಡಿ ಬೇಕು. ಐದು ಕೋಳಿಗಳಿಗೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಗೂಡು ಎಂದಾಯಿತು. ಈ ಕೆಲಸವೆಲ್ಲ ಪತ್ತನಾಜೆಗೆ ಮುನ್ನ ಮುಗಿಯಬೇಕು. ಮಳೆ ಹಿಡಿದ ಮೇಲೆ ದಬ್ಬೆ ಒಣಗುವುದಿಲ್ಲ.

ನೆಲದ ಮೇಲೆಯೇ ಗೂಡು ಇದ್ದವರು ಮೂರು ಅಂಗುಲ ದಪ್ಪಕ್ಕೆ ಉಮಿ ಅಥವಾ ಮರದ ಹುಡಿ ಹಾಸಬೇಕು. ಗೋಣಿಚೀಲ ಬೇಡ, ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಸು ಸರಿಯಾಗಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಅದುಮಿ. ಉಂಡೆ ಕಟ್ಟಿ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ. ಸ್ವಲ್ಪ ಅಂಟಿ ಒಡನೆಯೇ ಬಿರಿದರೆ ಸರಿಯಾಗಿದೆ. ಮಕ್ಕಳು ಇದನ್ನು ದಿನವೂ ಮಾಡಬಲ್ಲರು, ಅನಂತರ ಸಾಬೂನು ಹಾಕಿ ಕೈ ತೊಳೆಯಬೇಕಷ್ಟೆ. ಎರಡನೆಯ ಪರೀಕ್ಷೆ ಮೂಗಿನದು. ನಿಂತುಕೊಂಡು ಮೂಸಿದರೆ ಪ್ರಯೋಜನವಿಲ್ಲ, ಕೋಳಿಯ ತಲೆಯ ಎತ್ತರಕ್ಕೆ ಕುಳಿತು ನೋಡಬೇಕು. ಕಣ್ಣು ಉರಿಯುವಂಥ ಘಾಟು ಬಂದರೆ ಅದು ಅಮೋನಿಯಾ. ನಮಗೆ ಅದು ಕ್ಷಣದ ಕಿರಿಕಿರಿ, ಕೋಳಿಗೆ ಇರುಳಿಡೀ ಅದೇ ಉಸಿರು. ಅದರಿಂದ ಶ್ವಾಸನಾಳ ಕೆಟ್ಟು ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ. ತೇವವಾದ ಹಾಸನ್ನು ತೆಗೆದು, ಉಳಿದುದಕ್ಕೆ ಅರಳಿದ ಸುಣ್ಣದ ಹುಡಿ ಬೆರೆಸಿ ಮಗುಚಬೇಕು. ಸುಣ್ಣ ಬೆರೆಸಿದೊಡನೆ ಅಮೋನಿಯಾ ಇನ್ನಷ್ಟು ಹೊರಡುವುದರಿಂದ ಕೆಲವು ಗಂಟೆ ಕೋಳಿಗಳನ್ನು ಹೊರಗಿರಿಸುವುದು ಅಗತ್ಯ. ಅರಳದ ಸುಣ್ಣ ಕಾಲನ್ನು ಸುಡುತ್ತದೆ, ಬಳಸಬೇಡಿ.

ಆಟಿಯ ನಡುವೆ ಒಂದೆರಡು ಗಂಟೆ ಬಿಸಿಲು ಬಿದ್ದರೆ ಬಟ್ಟೆ ಒಣಗಿಸಲು ಓಡುವ ನಾವು ಗೂಡಿನ ಬಾಗಿಲನ್ನೂ ಆಗಲೇ ತೆರೆದಿಡಬೇಕು. ಮಳೆಯಲ್ಲಿ ಮಣ್ಣಿನ ಸ್ನಾನ ಸಿಗದ ಕೋಳಿಗಳಿಗೆ ಮಾಡಿನಡಿಯಲ್ಲಿ ಹಳೆಯ ಬಾಣಲೆಯೊಂದರಲ್ಲಿ ಬಚ್ಚಲೊಲೆಯ ಬೂದಿಯನ್ನೂ ಒಣಮಣ್ಣನ್ನೂ ಬೆರೆಸಿಟ್ಟರೆ ಹೇನಿನ ಕಾಟ ತಗ್ಗುತ್ತದೆ. ಹಗಲು ಹಲಗೆಯ ಸಂದಿನಲ್ಲಿ ಅಡಗಿ ರಾತ್ರಿ ಮಾತ್ರ ರಕ್ತ ಹೀರುವ ಕೆಂಪು ನುಸಿಗಳೂ ಇವೆ. ಟಾರ್ಚು ಹಿಡಿದು ರಾತ್ರಿ ನೋಡಿದರೆ ಮಾತ್ರ ಕಾಣಸಿಗುತ್ತವೆ. ಸಂದುಗಳಿಗೆ ಕುದಿಯುವ ನೀರು ಹೊಯ್ಯಬೇಕು.

ಗೂಡಿನ ಬಳಿ ಚೆಲ್ಲಿದ ನುಚ್ಚಕ್ಕಿ ಇಲಿಗಳನ್ನು ಕರೆಯುತ್ತದೆ. ಇಲಿಯ ಮೂತ್ರ ಬೆರೆತ ಕೆಸರಿನಿಂದ ಇಲಿಜ್ವರ ಹರಡುವುದು ಮಳೆಗಾಲದ ಕೇರಳದಲ್ಲಿ ಪ್ರತಿ ವರ್ಷದ ಕಥೆ. ಕಾಲಿನಲ್ಲಿ ಗಾಯವಿರುವ ಮಗುವನ್ನು ಬರಿಗಾಲಿನಲ್ಲಿ ಗೂಡು ಗುಡಿಸಲು ಕಳುಹಿಸಬಾರದು. ತೇವ ತಗಲಿ ಬೂಸಲು ಹಿಡಿದ ಹಿಂಡಿಯನ್ನೂ ಜೋಳವನ್ನೂ ಕೋಳಿಗೆ ಹಾಕುವ ರೂಢಿ ಬಿಡಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತದ್ದು ಬೂಸಲು ಹಿಡಿದ ನೆಲಗಡಲೆ ಹಿಂಡಿಯಿಂದ; ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆ ದುರಂತದ ತನಿಖೆಯಲ್ಲಿ.

ನೈರ್ಮಲ್ಯ ಎಷ್ಟೇ ಇದ್ದರೂ ಲಸಿಕೆಯಿಲ್ಲದೆ ತಡೆಯಲಾಗದ ರೋಗ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸುರು ಭೇದಿ, ಏದುಸಿರು, ಕುತ್ತಿಗೆ ತಿರುಚುವುದು ಇದರ ಲಕ್ಷಣಗಳು. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆರರಿಂದ ಎಂಟು ವಾರದೊಳಗೆ ಚುಚ್ಚುಮದ್ದು, ಇದು ಕ್ರಮ. ಒಂದೂವರೆ ತಿಂಗಳ ಮರಿಗಳನ್ನು ಪಡೆಯುವವರು ಎರಡನೆಯದು ಆಗಿದೆಯೇ ಎಂದು ಕೇಳಲೇಬೇಕು. ಸೊಳ್ಳೆಗಳಿಂದ ಹರಡುವ ಕೋಳಿ ಸಿಡುಬಿಗೂ ಬೇರೆ ಲಸಿಕೆಯಿದೆ.

ಕೇಳುವುದು ಹೇಗೆ ಎಂಬುದೇ ಗಡಿಯಾಚೆಯ ಕನ್ನಡಿಗರ ತೊಡಕು. ಒಂದೇ ರಾಣಿಖೇತಿಗೆ ಮಲಯಾಳದಲ್ಲಿ ‘ಕೋಝಿವಸಂತ’, ತಮಿಳಿನಲ್ಲಿ ‘ವೆಳ್ಳೈ ಕಳಿಚ್ಚಲ್’, ಮರಾಠಿಯಲ್ಲಿ ‘ಮಾನಮೋಡಿ’ ಎಂಬ ಹೆಸರು. ತೆಲುಗಿನ ‘ಕೊಕ್ಕೆರ ತೆಗುಲು’ ಮಾತ್ರ ನಮ್ಮ ಹೆಸರಿಗೆ ಹತ್ತಿರ. ಸಿಡುಬು ಮಲಯಾಳದಲ್ಲಿ ‘ಕೋಝಿವಸೂರಿ’, ತಮಿಳಿನಲ್ಲಿ ‘ಕೋಳಿ ಅಮ್ಮೈ’, ಮರಾಠಿಯಲ್ಲಿ ‘ದೇವಿ’. ಕಾಸರಗೋಡಿನವರು ವಸಂತವನ್ನೂ ವಸೂರಿಯನ್ನೂ ಅದಲುಬದಲು ಮಾಡದಿರಲಿ; ಲಸಿಕೆಗಳು ಬೇರೆಬೇರೆ. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮೃಗಾಸ್ಪತ್ರೆಗೆ ಒಯ್ದರೆ ಮಾತು ಸುಲಭವಾಗುತ್ತದೆ.

ಮಳೆ ಕಡಿಮೆಯಿರುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗದ ಓದುಗರಿಗೆ ಈ ತೇವದ ಪುರಾಣ ದೂರದ್ದೆನಿಸಬಹುದು. ಅಲ್ಲಿನ ಕಷ್ಟ ಏಪ್ರಿಲ್, ಮೇ ತಿಂಗಳ ಬಿಸಿಲು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಿಸಿಕೊಳ್ಳಬೇಕು. ಹೊರಗೆ 40 ಡಿಗ್ರಿ ಮೀರಿದರೆ ಅದೂ ಸಾಲದೆ ಸಾಯುತ್ತವೆ. ಅಲ್ಲಿ ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ, ತಗಡಿಗೆ ಸುಣ್ಣ ಬಳಿಯಿರಿ, ಕಾಳನ್ನು ನಸುಕಿನಲ್ಲೂ ಸಂಜೆಯೂ ಹಾಕಿ, ನಡುಹಗಲು ನೆರಳಿನಲ್ಲಿ ತಣ್ಣೀರು ಮಾತ್ರ ಇರಲಿ. ತಾಳವಾಡಿ, ಹೊಸೂರಿನಲ್ಲಿ ಅಕ್ಟೋಬರ್, ನವೆಂಬರಿನ ಹಿಂಗಾರಿಗೆ ಮೇಲೆ ಹೇಳಿದ ಎಚ್ಚರಿಕೆಗಳೇ ಅನ್ವಯಿಸುತ್ತವೆ. ನೀಲಗಿರಿಯ ಚಳಿಯಲ್ಲಿ ರಾತ್ರಿ ಕಿಟಕಿ ಮುಚ್ಚಿದರೂ ಮಾಡಿನ ಕೆಳಗಿನ ಗಾಳಿಕಂಡಿ ತೆರೆದಿರಬೇಕು.

ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಮೊದಲು ಮೃಗಾಸ್ಪತ್ರೆಗೆ ತಿಳಿಸಬೇಕು. ಹಕ್ಕಿಜ್ವರ 2006ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ಮಹಾರಾಷ್ಟ್ರದ ನವಾಪುರದಲ್ಲಿ. 2020ರಲ್ಲಿ ಕೋಝಿಕ್ಕೋಡಿನಲ್ಲೂ ಕಾಣಿಸಿಕೊಂಡಿತು. ಸತ್ತ ಕೋಳಿಯನ್ನು ತೋಡಿಗೆ ಎಸೆಯುವುದು ಕೆಳಗಿನ ಮನೆಗಳಿಗೆ ರೋಗವನ್ನು ಕಳುಹಿಸಿಕೊಟ್ಟಂತೆ. ಒಂಟಿ ಸಾವಾದರೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ಕರಾವಳಿಯ ಮನೆಗಳಿಗೆ ಜೂನಿನಲ್ಲಿ ಮರಿ ಬರುವುದೇ ತಪ್ಪು. ಓಣಂ ಕಳೆದು ಮಳೆ ಇಳಿಮುಖವಾದ ಮೇಲೆ ಬಂದರೆ ಅವು ಮುಂದಿನ ಮಳೆಗಾಲದ ಹೊತ್ತಿಗೆ ಬಲಿತ ಹೇಂಟೆಗಳಾಗಿರುತ್ತವೆ. ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಇದನ್ನು ಕೇಳಬಹುದು. ಸೂಚನಾಪತ್ರ ಕನ್ನಡದಲ್ಲಿಯೂ ಬೇಕೆಂಬುದನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದು. ನಮ್ಮ ಮನೆಯಲ್ಲಿ ಉಳಿದ ಎರಡು ಮರಿಗಳಿಗೆ ಮಗಳೂ ಅಜ್ಜಿಯೂ ಸೇರಿ ಕಂಬದ ಮೇಲೆ ದಬ್ಬೆಯ ಗೂಡು ಕಟ್ಟಿಸಿದರು. ಮಕರ ತಿಂಗಳಲ್ಲಿ ಅವುಗಳಲ್ಲೊಂದು ಮೊಟ್ಟೆಯಿಡತೊಡಗಿತು, ಇನ್ನೊಂದು ಹುಂಜ.