ಲೆವಿ ಬಾಡಿ ಮರೆವಿನ ಕಾಯಿಲೆ: ಔಷಧಿಗಳ ಅಡ್ಡಪರಿಣಾಮ ಮತ್ತು ಮನೆಯವರ ಎಚ್ಚರಿಕೆ



ನಮ್ಮ ವಾರ್ಡಿಗೆ ಬಂದಿದ್ದ ಒಬ್ಬ ನಿವೃತ್ತ ಮಾಸ್ತರರ ವಿಷಯ ಮೊದಲು ಹೇಳುತ್ತೇನೆ. ಸಂಜೆಯಾದರೆ ಅವರಿಗೆ ಪಡಸಾಲೆಯಲ್ಲಿ ಸಣ್ಣ ಮಕ್ಕಳು ಕುಳಿತಂತೆ ಕಾಣುತ್ತಿತ್ತು. "ಆ ಹುಡುಗರಿಗೆ ರೊಟ್ಟಿ ಕೊಡವ್ವಾ" ಎಂದು ಸೊಸೆಗೆ ಹೇಳುತ್ತಿದ್ದರು. ಒಂದು ರಾತ್ರಿ ಗಲಾಟೆ ಹೆಚ್ಚಾಯಿತು. ಮನೆಯವರು ಗಾಬರಿಯಿಂದ ಹತ್ತಿರದ ದವಾಖಾನೆಗೆ ಒಯ್ದರು. ಅಲ್ಲಿ ಶಾಂತವಾಗಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮೈ ಕಟ್ಟಿಗೆಯಂತೆ ಸೆಟೆದಿತ್ತು, ನೀರು ನುಂಗಲೂ ಆಗುತ್ತಿರಲಿಲ್ಲ. "ಸಿಸ್ಟರ್, ನಿನ್ನೆ ನಡದಾಡಿದ ನಮ್ಮಪ್ಪಾರು ಇವತ್ತ ಹಿಂಗ್ಯಾಕ ಆದ್ರು?" ಎಂದು ಮಗ ಕೇಳಿದರು. ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ರೋಗದ ಹೆಸರು ಬರೆದ ಚೀಟಿ ಅವರ ಮನೆಯ ಟ್ರಂಕಿನಲ್ಲಿಯೇ ಇತ್ತು. ಅದನ್ನು ಆ ರಾತ್ರಿ ಯಾರೂ ತೋರಿಸಿರಲಿಲ್ಲ.

ಇಂಥ ತೊಂದರೆ ಮತ್ತೊಬ್ಬರಿಗೆ ಆಗಬಾರದೆಂದು ಈ ಮಾಹಿತಿ.

ಈ ಕಾಯಿಲೆಯಲ್ಲಿ ಔಷಧಿ ಏಕೆ ತಿರುಗಿಬೀಳುತ್ತದೆ?

ಲೆವಿ ಬಾಡಿ ಕಾಯಿಲೆಯಲ್ಲಿ ಒಂದು ಬಗೆಯ ಪ್ರೋಟೀನು ಮಿದುಳಿನ ಜೀವಕೋಶಗಳಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. 1912ರಲ್ಲಿ ಈ ಗಂಟುಗಳನ್ನು ಮೊದಲು ವಿವರಿಸಿದ ವೈದ್ಯರು ಫ್ರೆಡ್ರಿಕ್ ಲೆವಿ. ಇದರಿಂದ ಮಿದುಳಿನ ಎರಡು ರಾಸಾಯನಿಕಗಳು ಕಡಿಮೆಯಾಗುತ್ತವೆ. ಒಂದು ಡೋಪಮಿನ್, ಇದು ಕೈಕಾಲುಗಳ ಚಲನೆಗೆ ಬೇಕು. ಇನ್ನೊಂದು ಅಸಿಟೈಲ್‌ಕೋಲಿನ್, ಇದು ನೆನಪು ಮತ್ತು ಎಚ್ಚರಕ್ಕೆ ಬೇಕು. ಆದ್ದರಿಂದ ನಡಿಗೆ ನಿಧಾನವಾಗುವುದು, ಇಲ್ಲದ್ದು ಕಾಣುವುದು, ಒಂದು ದಿನ ಚೆನ್ನಾಗಿದ್ದು ಮರುದಿನ ಮಂಕಾಗುವುದು, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯುವುದು, ಎದ್ದು ನಿಂತಾಗ ಬಿ.ಪಿ. ಇಳಿಯುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ.

ಔಷಧಿ ಇಲ್ಲಿ ತಕ್ಕಡಿಯಿದ್ದಂತೆ. ನಡಿಗೆ ಸುಧಾರಿಸುವ ಮಾತ್ರೆ ಭ್ರಮೆಯನ್ನು ಹೆಚ್ಚಿಸಬಹುದು. ಭ್ರಮೆ ನಿಲ್ಲಿಸುವ ಮಾತ್ರೆ ಮೈಯನ್ನು ಸೆಟೆಸಬಹುದು. ಅದಕ್ಕಾಗಿ ವೈದ್ಯರು ಒಂದೊಂದೇ ಔಷಧಿಯನ್ನು, ಅತಿ ಕಡಿಮೆ ಪ್ರಮಾಣದಿಂದ ಪ್ರಾರಂಭಿಸುತ್ತಾರೆ.

ವೈದ್ಯರಿಗೆ ರೋಗದ ಹೆಸರು ಹೇಳದೆ ಕೊಡಿಸಬಾರದ ಔಷಧಿಗಳು

1. ಗಲಾಟೆ, ಭ್ರಮೆ ಕಡಿಮೆ ಮಾಡಲು ಕೊಡುವ ಹ್ಯಾಲೋಪೆರಿಡಾಲ್, ಕ್ಲೋರ್‌ಪ್ರೊಮಝಿನ್ ಮುಂತಾದವು. ಇವು ಎಲ್ಲಕ್ಕಿಂತ ಅಪಾಯಕಾರಿ. ಮೈ ಸೆಟೆಯುವುದು, ಅತಿಯಾದ ಮಂಪರು, ನುಂಗಲಾಗದಿರುವುದು ಉಂಟಾಗಿ ಕೆಲವರ ಪ್ರಾಣಕ್ಕೇ ಕುತ್ತು ಬರುತ್ತದೆ. ರಿಸ್ಪೆರಿಡೋನ್, ಓಲಾಂಝಪಿನ್ ಸಹ ಈ ಗುಂಪಿನವೇ. ಬೇರೆ ದಾರಿಯೇ ಇಲ್ಲದಿದ್ದಾಗ ತಜ್ಞರು ಕ್ವೆಟಿಯಪಿನ್ ಮಾತ್ರೆಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಆಗಲೂ ನಿಗಾ ಬೇಕು.

2. ವಾಂತಿ, ತಲೆಸುತ್ತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೋಕ್ಲೋರ್‌ಪೆರಝಿನ್. ಇವೂ ಡೋಪಮಿನ್ ತಡೆಯುತ್ತವೆ.

3. ನೆಗಡಿ, ಅಲರ್ಜಿಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮತ್ತು ಡೈಫೆನ್‌ಹೈಡ್ರಮಿನ್, ಪ್ರಯಾಣದಲ್ಲಿ ನುಂಗುವ ಪ್ರೊಮೆಥಝಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್. ಇವುಗಳಿಂದ ಗೊಂದಲ, ಭ್ರಮೆ, ಮಲಬದ್ಧತೆ, ಮೂತ್ರ ಕಟ್ಟುವುದು ಹೆಚ್ಚುತ್ತವೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆಯೂ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಬೇಡಿ.

4. ನಾಟಿ ಔಷಧಿ. ನಸುಗುನ್ನಿ ಬೀಜದಲ್ಲಿ ಲೀವೋಡೋಪಾ ಸ್ವಾಭಾವಿಕವಾಗಿಯೇ ಇದೆ. ಲೀವೋಡೋಪಾ ಮಾತ್ರೆ ನುಂಗುವವರು ಅದರ ಪುಡಿಯನ್ನೂ ಸೇವಿಸಿದರೆ ಔಷಧಿ ಪ್ರಮಾಣ ಮೀರುತ್ತದೆ. ಏನು ಕೊಡುತ್ತಿದ್ದರೂ ವೈದ್ಯರಿಗೆ ಹೇಳಿ, ಅವರು ಬೈಯುವುದಿಲ್ಲ.

ಸಾಮಾನ್ಯವಾಗಿ ಕೊಡುವ ಔಷಧಿಗಳು

ರಿವಾಸ್ಟಿಗ್ಮಿನ್, ಡೊನೆಪೆಝಿಲ್: ಇವು ನೆನಪು, ಎಚ್ಚರ ಮತ್ತು ಭ್ರಮೆಗೆ ಸಹಾಯ ಮಾಡುತ್ತವೆ. ಓಕರಿಕೆ, ವಾಂತಿ, ಭೇದಿ, ಹಸಿವು ಕಡಿಮೆಯಾಗುವುದು, ನಾಡಿ ನಿಧಾನವಾಗುವುದು ಇವುಗಳ ಅಡ್ಡಪರಿಣಾಮ. ರಿವಾಸ್ಟಿಗ್ಮಿನ್ ಕ್ಯಾಪ್ಸೂಲನ್ನು ಬೆಳಿಗ್ಗೆ ಮತ್ತು ರಾತ್ರಿ ಊಟದ ಜೊತೆಯಲ್ಲಿಯೇ ಕೊಡಿ. ಶಿವರಾತ್ರಿ ಅಥವಾ ಸೋಮವಾರದ ಉಪವಾಸವಿದ್ದರೆ ಮೊದಲೇ ವೈದ್ಯರನ್ನು ಕೇಳಿ. ಮೂರು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣದಿಂದ ತಾವಾಗಿಯೇ ಪುನಃ ಪ್ರಾರಂಭಿಸಬೇಡಿ, ಜೋರು ವಾಂತಿಯಾಗಬಹುದು. ಚರ್ಮಕ್ಕೆ ಅಂಟಿಸುವ ಪಟ್ಟಿಯಾದರೆ ಹಳೆಯದನ್ನು ತೆಗೆದ ಮೇಲೆಯೇ ಹೊಸದನ್ನು ಬೇರೆ ಜಾಗಕ್ಕೆ ಅಂಟಿಸಿ. ಡೊನೆಪೆಝಿಲ್‌ನಿಂದ ರಾತ್ರಿ ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆ ಕೊಡಬಹುದೇ ಎಂದು ಕೇಳಿ.

ಲೀವೋಡೋಪಾ: ನಡಿಗೆಗೆ ಒಳ್ಳೆಯದು. ಆದರೆ ಭ್ರಮೆ ಹೆಚ್ಚಬಹುದು, ನಿಂತಾಗ ಬಿ.ಪಿ. ಇಳಿಯಬಹುದು. ಹಾಗೆಂದು ಏಕಾಏಕಿ ನಿಲ್ಲಿಸಬೇಡಿ. ಮೈ ಸೆಟೆದು ಜ್ವರ ಬರುವ ಅಪಾಯವಿದೆ. ಕಡಿಮೆ ಮಾಡುವುದನ್ನು ವೈದ್ಯರೇ ಹಂತಹಂತವಾಗಿ ಮಾಡಬೇಕು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ ಪುಡಿ ಮಾಡಿ ಕೊಡಬೇಡಿ.

ಮನೆಯಲ್ಲಿ ನೋಡಿಕೊಳ್ಳುವ ಬಗೆ

ಬಿ.ಪಿ. ಇಳಿಯುವುದು: ಹಾಸಿಗೆಯಿಂದ ಎದ್ದು ಕುಳಿತು, ಎರಡು ನಿಮಿಷ ಕಾಲಾಡಿಸಿ, ನಂತರ ಹಿಡಿದುಕೊಂಡು ನಿಲ್ಲಬೇಕು. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಬಹಳ ಹೊತ್ತು ಕುಳಿತು ತಟ್ಟನೆ ಎದ್ದು ಬಿದ್ದವರನ್ನು ನಾವು ನೋಡಿದ್ದೇವೆ. ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಲಿ, ಏಳುವಾಗ ಒಬ್ಬರು ಪಕ್ಕದಲ್ಲಿರಲಿ. ಮಲಗಿದಾಗ ಮತ್ತು ನಿಂತ ಮೂರು ನಿಮಿಷದೊಳಗೆ ಬಿ.ಪಿ. ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಿಳಿಸಿ. ಹಿಂದಿನಿಂದ ನುಂಗುತ್ತಿರುವ ಬಿ.ಪಿ. ಮಾತ್ರೆಯನ್ನು ಕಡಿಮೆ ಮಾಡಬೇಕಾಗಬಹುದು.

ಮಲಬದ್ಧತೆ: ನೀರು, ಸೊಪ್ಪು, ಹಣ್ಣು, ದಿನವೂ ಸ್ವಲ್ಪ ನಡಿಗೆ. ಮೂರು ದಿನ ಆಗದಿದ್ದರೆ ವೈದ್ಯರಿಗೆ ಹೇಳಿ. ಹೊಟ್ಟೆ ಕಟ್ಟಿದರೂ ಗೊಂದಲ ಹೆಚ್ಚುತ್ತದೆ.

ಭ್ರಮೆ: ಕಾಣುವ ಮಕ್ಕಳಿಗೆ ಹಿರಿಯರು ಹೆದರದಿದ್ದರೆ ಅದಕ್ಕೆ ಮಾತ್ರೆ ಬೇಕಾಗದೇ ಇರಬಹುದು. "ಅಲ್ಲಿ ಯಾರೂ ಇಲ್ಲ, ಸುಳ್ಳು" ಎಂದು ವಾದ ಮಾಡಬೇಡಿ. "ನಾನು ನೋಡ್ಕೋತೀನಿ ಅಪ್ಪಾಜಿ" ಎಂದು ಹೇಳಿ ಬೇರೆ ಮಾತಿಗೆ ಕರೆದೊಯ್ಯಿರಿ. ಸಂಜೆ ದೀಪ ಬೇಗ ಹಚ್ಚಿ. ಕಣ್ಣಿನ ಪೊರೆ, ಕನ್ನಡಕ ಪರೀಕ್ಷಿಸಿ.

ದಿನಚರಿ ಪುಸ್ತಕ: ಯಾವ ಮಾತ್ರೆ, ಎಷ್ಟು ಗಂಟೆಗೆ, ನಂತರ ಏನಾಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾತ್ರೆ ಕೊಡುವ ಜವಾಬ್ದಾರಿ ಒಬ್ಬರದೇ ಇರಲಿ. ಇಬ್ಬರು ಕೊಟ್ಟರೆ ಎರಡು ಸಲ ಬೀಳುತ್ತದೆ.

ತಡಮಾಡದೆ ಆಸ್ಪತ್ರೆಗೆ ಕರೆತನ್ನಿ

• ಮೈ ಸೆಟೆದು, ಜ್ವರ, ಬೆವರು ಇದ್ದರೆ
• ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ
• ನೀರು, ಅನ್ನ ನುಂಗಲಾಗದಿದ್ದರೆ
• ಎಚ್ಚರ ತಪ್ಪಿ ಬಿದ್ದರೆ
• ಒಂದೆರಡು ದಿನಗಳಲ್ಲೇ ಗೊಂದಲ ಏಕಾಏಕಿ ಹೆಚ್ಚಾದರೆ. ಮೂತ್ರದ ಸೋಂಕು, ಕಫದ ಜ್ವರ ಇರಬಹುದು. "ಇದು ಹಳೆಯ ಕಾಯಿಲೆಯೇ" ಎಂದು ಸುಮ್ಮನಿರಬೇಡಿ.

ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ.

ಈ ಚೀಟಿಯನ್ನು ಕತ್ತರಿಸಿ ಹಿರಿಯರ ಜೇಬಿನಲ್ಲಿ ಒಂದು, ನಿಮ್ಮ ಹತ್ತಿರ ಒಂದು ಇಟ್ಟುಕೊಳ್ಳಿ

"ಇವರಿಗೆ ಲೆವಿ ಬಾಡಿ ಡಿಮೆನ್ಷಿಯಾ ಇದೆ. ದಯವಿಟ್ಟು ಹ್ಯಾಲೋಪೆರಿಡಾಲ್ ಮತ್ತು ಅದೇ ಗುಂಪಿನ ಔಷಧಿ, ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಝಿನ್ ಕೊಡಬೇಡಿ. ಈಗಿನ ಔಷಧಿಗಳು: ............ ಮನೆಯವರ ಫೋನ್: ............"

ಹಲ್ಲು ಕೀಳಿಸುವಾಗ, ಕಣ್ಣಿನ ಅಥವಾ ಬೇರೆ ಶಸ್ತ್ರಚಿಕಿತ್ಸೆ ಇರುವಾಗ, ರಾತ್ರಿ ತುರ್ತಾಗಿ ಹೋದಾಗ ಈ ಚೀಟಿಯನ್ನು ಮೊದಲು ತೋರಿಸಿ. ಇದರ ಇಂಗ್ಲಿಷ್ ಪ್ರತಿಯನ್ನು ನಮ್ಮ ಹೊರರೋಗಿ ವಿಭಾಗದ ಸಿಸ್ಟರ್ ಹತ್ತಿರ ಕೇಳಿ ಪಡೆಯಿರಿ.

ತಂದೆ-ತಾಯಿಯ ಸೇವೆ ದೊಡ್ಡ ಕಾಯಕ. ಅದನ್ನು ಒಬ್ಬರೇ ಹೊರಬೇಕಾಗಿಲ್ಲ. ಮನೆಯವರು ಸರದಿಯಂತೆ ನೋಡಿಕೊಳ್ಳಿ, ನೋಡಿಕೊಳ್ಳುವವರಿಗೂ ನಿದ್ದೆ ಇರಲಿ. ಸಂದೇಹ ಬಂದರೆ ಮಾತ್ರೆ ಬದಲಿಸುವ ಮೊದಲು ನಮ್ಮನ್ನು ಕೇಳಿ.

ಶರಣಾರ್ಥಿಗಳೊಂದಿಗೆ,
ನರ್ಸಿಂಗ್ ಶಿಕ್ಷಣ ವಿಭಾಗ